ಕ್ಯಾಸೆಟ್ಟಿನಲ್ಲಿ ಸವೆದ ಜಾಗ

ಕುಣಿಯುವ ಚಿತ್ರವನ್ನು ನೆಟ್ಟಗೆ ನಿಲ್ಲಿಸುವುದು ನನ್ನ ಕಸುಬಾಗಿತ್ತು. ಮದುವೆ, ನಾಮಕರಣ, ಗೃಹಪ್ರವೇಶದ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಮೊದಮೊದಲು ಸಿ.ಡಿ.ಗೂ ಆಮೇಲೆ ಡಿ.ವಿ.ಡಿ.ಗೂ ಹಾಕಿಕೊಡುತ್ತಿದ್ದೆ. ತುಮಕೂರಿನಲ್ಲಿ ಈಗ ಮತ್ತೆ ಒಂದಿಬ್ಬರು ಹುಡುಗರು ಈ ಕೆಲಸಕ್ಕೆ ಇಳಿದಿದ್ದಾರೆ. ಕಲಿಸಿಕೊಡಿ ಸಾರ್ ಎಂದು ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ಮೆಷಿನ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಹಾಕಬೇಕು, ಇಷ್ಟೇ ಅವರು ಕೇಳುವುದು. ಅದನ್ನು ಯಾರು ಬೇಕಾದರೂ ಹೇಳಿಯಾರು. ನಾನು ಹೇಳಬೇಕಾದದ್ದು ಬೇರೆ ಇದೆ. ಈ ಕೆಲಸದಲ್ಲಿ ಗೆದ್ದವರನ್ನು ನಾನು ಕಂಡಿಲ್ಲ. ಉಳಿಸಿಕೊಟ್ಟೆ ಎಂದು ಎದೆ ಉಬ್ಬಿಸಿಕೊಂಡದ್ದೆಲ್ಲ ಆಮೇಲೆ ಯಾವುದೋ ದಾರಿಯಲ್ಲಿ ಹೋಗೇ ಹೋಯಿತು. ನನ್ನ ಕೈಯಾರೆ ಬರೆದ ಡಿ.ವಿ.ಡಿ.ಗಳೇ ಈಗ ಕೆಲವು ಓಡುವುದಿಲ್ಲ. ಓಡಿಸುವುದಕ್ಕೆ ಪ್ಲೇಯರ್ ಇಟ್ಟುಕೊಂಡವರೂ ಕಡಿಮೆ. ಇಷ್ಟನ್ನು ತಿಳಿದುಕೊಂಡು ಬರುವುದಾದರೆ ಬನ್ನಿ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಗುಬ್ಬಿ ಗೇಟಿನ ಹತ್ತಿರ ರುದ್ರಣ್ಣನವರ ಸ್ಟುಡಿಯೊದಲ್ಲಿ. ರುದ್ರಣ್ಣ ಬಾಯಿ ಬಿಟ್ಟರೆ ಬೈಗುಳ. ಕಲಿಸುವುದೂ ಬೈಗುಳದಲ್ಲೇ, ಊಟಕ್ಕೆ ಕರೆಯುವುದೂ ಬೈಗುಳದಲ್ಲೇ. ಆದರೆ ಗಿರಾಕಿಗಳಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬೇರೆ ಅಂಗಡಿಯವರು ನೋಡೋಣ, ಪ್ರಯತ್ನ ಮಾಡೋಣ ಎಂದು ವಾರಗಟ್ಟಲೆ ಓಡಾಡಿಸಿದರೆ ಇವರು ಒಂದೇ ಮಾತಿಗೆ, ನಿಮ್ಮ ಕ್ಯಾಸೆಟ್ ಸತ್ತುಹೋಗಿದೆ ತಗೊಂಡು ಹೋಗಿ ಎನ್ನುತ್ತಿದ್ದರು. ಅದಕ್ಕೇ ಅವರನ್ನು ಕಂಡರೆ ಗಿರಾಕಿಗಳಿಗೆ ಸಿಟ್ಟು. ಸಿಟ್ಟು ಮಾಡಿಕೊಂಡೇ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಅವರು ಮೊದಲು ಕಲಿಸಿದ್ದು ಹೆಡ್ ಒರೆಸುವುದನ್ನು. ವಿ.ಸಿ.ಆರ್. ಒಳಗೆ ಗಿರಗಿರ ತಿರುಗುವ ಒಂದು ಉರುಟು ಲೋಹ ಇರುತ್ತದೆ. ಅದರ ಅಂಚಿನಲ್ಲಿ ಕೂದಲಷ್ಟು ಸಣ್ಣದೊಂದು ಹೆಡ್. ಟೇಪಿನಿಂದ ಚಿತ್ರವನ್ನು ಎತ್ತುವುದು ಅದೇ. ಗರಿಗರಿ ನೋಟಿನ ಅಂಚಿಗೆ ಸ್ಪಿರಿಟ್ ಹಚ್ಚಿ, ನೋಟನ್ನು ಅದಕ್ಕೆ ಒತ್ತಿ ಹಿಡಿದು, ಉರುಟನ್ನು ಕೈಯಲ್ಲಿ ನಿಧಾನ ತಿರುಗಿಸಬೇಕು. ಬಟ್ಟೆಯಲ್ಲಿ ಒರೆಸಿದರೆ ನೂಲು ಸಿಕ್ಕಿಕೊಂಡು ಹೆಡ್ ಮುರಿಯುತ್ತದೆ. ನಾನು ಒಂದನ್ನು ಮುರಿದೆ. ಆವತ್ತು ರುದ್ರಣ್ಣ ಬೈಯಲಿಲ್ಲ, ಒಳಗೆ ಹೋಗಿ ಸುಮ್ಮನೆ ಕೂತರು. ಅವರು ಬೈಯದಿದ್ದ ದಿನಗಳು ನನಗೆ ಒಂದೊಂದೂ ನೆನಪಿವೆ.

ಟೇಪಿಗೆ ಬೂಸ್ಟು ಹಿಡಿಯುತ್ತದೆ. ನಮ್ಮ ಕಡೆ ಕ್ಯಾಸೆಟ್ಟನ್ನು ರೇಷ್ಮೆ ಸೀರೆಗಳ ಜೊತೆ ಕಬ್ಬಿಣದ ಟ್ರಂಕಿನಲ್ಲಿ ಇಡುವವರೇ ಜಾಸ್ತಿ. ಒಡವೆ ಇಟ್ಟಂತೆ ಜೋಪಾನವಾಗಿ ಇಟ್ಟು, ವರ್ಷಗಳ ಮೇಲೆ ತೆಗೆದರೆ ಸುರುಳಿಯ ಅಂಚಿನಲ್ಲಿ ಬೆಳ್ಳಗೆ ಪುಡಿ. ಕುಣಿಗಲ್‌ನಿಂದ ಒಬ್ಬ ಟೈಲರ್ ತಮ್ಮ ಮಗಳ ನಾಮಕರಣದ ಕ್ಯಾಸೆಟ್ ತಂದರು. ಹಾಕಿದರೆ ಚಿತ್ರ ಮೇಲಿಂದ ಕೆಳಗೆ ಉರುಳುತ್ತದೆ, ಒಂದು ಕ್ಷಣ ನಿಲ್ಲುವುದಿಲ್ಲ. ನಾನು ಹೆಡ್ ಒರೆಸಿದೆ, ಚಿತ್ರ ಹೊಂದಿಸುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದೆ, ಏನು ಮಾಡಿದರೂ ಅಷ್ಟೇ. ಕೊನೆಗೆ ಟೇಪನ್ನು ಬೆರಳಲ್ಲಿ ಮುಟ್ಟಿ ನೋಡಿದರೆ ಜಾರುತ್ತಿದೆ. ಕೇಳಿದ್ದಕ್ಕೆ ಟೈಲರ್ ಹೆಮ್ಮೆಯಿಂದಲೇ ಹೇಳಿದರು. ಕ್ಯಾಸೆಟ್ ಕಿರುಗುಡುತ್ತಿತ್ತಂತೆ. ಅದಕ್ಕೆ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು, ಟೇಪನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದು ಸವರಿ, ಮತ್ತೆ ಸುತ್ತಿದ್ದರಂತೆ. ಒಂದು ಇಡೀ ಭಾನುವಾರ ಗಂಡ ಹೆಂಡತಿ ಕೂತು ಮಾಡಿದ ಕೆಲಸ.

ರುದ್ರಣ್ಣ ಅದನ್ನು ಕೇಳಿ, "ರೀ, ನಿಮ್ಮ ಮಗಳ ಹೆಸರನ್ನಾದ್ರೂ ನೆನಪಿಟ್ಕೊಂಡಿದೀರಾ? ಉಳಿದಿರೋದು ಅದೊಂದೇ" ಎಂದರು. ನಾನು ನಕ್ಕೆ. ಟೈಲರ್ ನಗಲಿಲ್ಲ. ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು, ಮೆಷಿನ್ನಿಗೆ ಎಣ್ಣೆ ಬಿಟ್ಟರೆ ಮೆಷಿನ್ ಚೆನ್ನಾಗಾಗುತ್ತದಲ್ಲ ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಅವರು ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದರು. ಹಾಳಾದದ್ದೂ ಅದರಿಂದಲೇ. ಇದು ನನಗೆ ಆಗ ತಟ್ಟಲಿಲ್ಲ, ಆಮೇಲೆ ತಟ್ಟಿತು.

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಸ್ಟುಡಿಯೊಗೆ ಕಂಪ್ಯೂಟರ್ ಬಂತು. ಇನ್ನು ನಮ್ಮ ಕಷ್ಟ ಮುಗಿಯಿತು ಎಂದುಕೊಂಡೆವು. ಟಿ.ವಿ.ಗೆ ಸ್ವಲ್ಪ ದಾಕ್ಷಿಣ್ಯ ಇತ್ತು. ಚಿತ್ರ ಚೂರುಪಾರು ನಡುಗಿದರೂ ಹೇಗೋ ಹೊಂದಿಸಿಕೊಂಡು ತೋರಿಸುತ್ತಿತ್ತು. ಕಂಪ್ಯೂಟರ್ ಹಾಗಲ್ಲ. ಟೇಪ್ ನಡುಗಿದ ಕಡೆಯೆಲ್ಲ ಅದು ಚಿತ್ರವನ್ನೇ ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ಶಬ್ದ ಮಾತ್ರ ತನ್ನ ಪಾಡಿಗೆ ದಾಖಲಾಗುತ್ತಿತ್ತು. ಹೀಗೆ ಚಿತ್ರ ಒಂದು ಕಡೆ, ಶಬ್ದ ಒಂದು ಕಡೆ. ಶಿರಾ ಗೇಟಿನ ಒಬ್ಬರ ಮಗಳ ಮದುವೆಯಲ್ಲಿ ತಾಳಿ ಕಟ್ಟುವುದು ಮೊದಲಾಗಿ, ಗಟ್ಟಿಮೇಳ ಆಮೇಲೆ ಬಂತು. ವರ ತಾಳಿ ಕಟ್ಟಿ ಕೈ ಇಳಿಸಿದ್ದಾನೆ, ಎಲ್ಲ ನಿಶ್ಶಬ್ದ. ಅಕ್ಷತೆ ಬಿದ್ದು ಮುಗಿದ ಮೇಲೆ ಓಲಗ ಜೋರಾಗಿ ಮೊಳಗುತ್ತದೆ. ಹುಡುಗಿಯ ತಂದೆ ಅಂಗಡಿಗೆ ಬಂದು ಕುರ್ಚಿ ಎತ್ತಿದ್ದರು. ಆ ಹೊತ್ತಿಗೆ ಮಗಳಿಗೂ ಅಳಿಯನಿಗೂ ಸರಿ ಇರಲಿಲ್ಲವಂತೆ. ನೀವು ಮೂಕ ಮುಹೂರ್ತ ಮಾಡಿಬಿಟ್ಟಿರಿ ಎಂದು ಆ ಮನುಷ್ಯ ಕಣ್ಣೀರು ಹಾಕಿದರು. ಮದುವೆಯಾದದ್ದು ಯಾವಾಗಲೋ, ನಾವು ಸಿ.ಡಿ. ಮಾಡಿದ್ದು ಮೊನ್ನೆ.

ಇದಾದ ಮೇಲೆ ರುದ್ರಣ್ಣ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಿನ ಒಂದು ಪೆಟ್ಟಿಗೆ ತಂದರು. ಟಿ.ಬಿ.ಸಿ. ಎಂದು ಅದರ ಹೆಸರು. ವಿ.ಸಿ.ಆರ್.ಗೂ ಕಂಪ್ಯೂಟರ್‌ಗೂ ಮಧ್ಯೆ ಅದನ್ನು ಜೋಡಿಸಬೇಕು. ಚಿತ್ರವೆಂದರೆ ಒಂದರ ಕೆಳಗೊಂದು ಗೆರೆಗಳು. ಟೇಪ್ ಹಳೆಯದಾದರೆ ಒಂದು ಗೆರೆ ಬೇಗ ಬರುತ್ತದೆ, ಒಂದು ತಡವಾಗಿ ಬರುತ್ತದೆ. ಅದಕ್ಕೇ ಮುಖ ಸೊಟ್ಟಗಾಗುವುದು, ಬಾಗಿಲ ಚೌಕಟ್ಟು ಹಾವಿನಂತೆ ತೇಲುವುದು. ಈ ಪೆಟ್ಟಿಗೆ ಎಲ್ಲ ಗೆರೆಗಳನ್ನೂ ಹಿಡಿದು ನಿಲ್ಲಿಸಿಕೊಂಡು, ಸರಿಯಾದ ಹೊತ್ತಿಗೆ ಒಂದೊಂದನ್ನೇ ಬಿಡುತ್ತದೆ. ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುವ ಪಿ.ಟಿ. ಮೇಷ್ಟರ ಕೆಲಸ ಅದರದ್ದು. ಆದರೆ ಪಿ.ಟಿ. ಮೇಷ್ಟರ ಒಂದು ಚಾಳಿಯೂ ಅದಕ್ಕಿತ್ತು. ಬಾರದ ಹುಡುಗನ ಜಾಗ ಖಾಲಿ ಕಾಣಬಾರದೆಂದು ಪಕ್ಕದವನನ್ನು ಎಳೆದು ಅಲ್ಲಿ ನಿಲ್ಲಿಸುತ್ತಿತ್ತು. ಒಂದು ಗೆರೆ ಟೇಪಿನಲ್ಲಿ ಇಲ್ಲವೇ ಇಲ್ಲ ಎಂದಾದರೆ, ಮೇಲಿನ ಗೆರೆಯನ್ನೇ ಇನ್ನೊಂದು ಸಲ ಹಾಕುತ್ತಿತ್ತು. ದೂರದಿಂದ ನೋಡಿದರೆ ಸಾಲು ನೆಟ್ಟಗೇ ಇರುತ್ತದೆ.

ಪೆಟ್ಟಿಗೆ ಬಂದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂತು. ಯಾವ ಕ್ಯಾಸೆಟ್ ತಂದರೂ ನಿಲ್ಲಿಸಿಕೊಡುತ್ತೇನೆ ಎನ್ನುತ್ತಿದ್ದೆ. ಆ ಕಾಲದಲ್ಲೇ ಕೆಂಪಮ್ಮ ಬಂದದ್ದು.

ಕೆಂಪಮ್ಮ ನಿಟ್ಟೂರಿನವರು. ಮಗಳು ಸುಧಾಳನ್ನು ತುಮಕೂರಿಗೆ ಕೊಟ್ಟಿದ್ದರು. ಅಳಿಯ ಸ್ಕೂಲ್ ಮೇಷ್ಟರು, ಉಪ್ಪಾರಹಳ್ಳಿಯಲ್ಲಿ ಮನೆ. ತಾಯಿ ಮಗಳು ಇಬ್ಬರೂ ಬಂದು, ಟವೆಲ್‌ನಲ್ಲಿ ಸುತ್ತಿದ್ದ ಕ್ಯಾಸೆಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಅದರ ಮೇಲೆ ಅರಿಶಿನ ಕುಂಕುಮದ ಬೊಟ್ಟು ಇತ್ತು. ಸುಧಾಳ ಮದುವೆಯ ಕ್ಯಾಸೆಟ್ ಅದು, ತೊಂಬತ್ತರ ದಶಕದ ನಡುವಿನದ್ದು, ಗುಬ್ಬಿಯ ಛತ್ರದಲ್ಲಿ ತೆಗೆದದ್ದು. ಅವರಿಗೆ ಮದುವೆಯ ದೃಶ್ಯ ಬೇಕಿರಲಿಲ್ಲ. ಅದರಲ್ಲಿ ಸುಧಾಳ ತಮ್ಮ ಲೋಕೇಶ ಇದ್ದ. ನಿಟ್ಟೂರಿನಲ್ಲಿ ಟೂ-ವೀಲರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು, ರಿಪೇರಿಗೆ ಬಂದ ಗಾಡಿಯನ್ನು ಓಡಿಸಿ ನೋಡಲು ಹೋಗಿ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಅಕ್ಕನ ಮದುವೆಯಾಗಿ ಎರಡು ಮೂರು ವರ್ಷಕ್ಕೆಲ್ಲ ಅದು ಆಗಿಹೋಗಿತ್ತು.

ಅವನ ಫೋಟೊ ಇರಲಿಲ್ಲ. ಸ್ಕೂಲಿನ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ತಲೆ ಕಾಣುತ್ತಿತ್ತು. ಡ್ರೈವಿಂಗ್ ಲೈಸೆನ್ಸ್ ಮಾಡಿಸಿಯೇ ಇರಲಿಲ್ಲ. ಮದುವೆಯ ಆಲ್ಬಂ ಇದೆಯಲ್ಲ ಎಂದೆ. ಅದರಲ್ಲಿಯೂ ಇಲ್ಲ. ಇದೊಂದು ಮಾತನ್ನು ಹೊಸಬರು ತಿಳಿದುಕೊಂಡಿರಬೇಕು. ಮದುವೆ ಮನೆಯಲ್ಲಿ ದುಡಿಯುವವರು ಆಲ್ಬಂನಲ್ಲಿ ಇರುವುದಿಲ್ಲ. ಮುಯ್ಯಿ ಮಾಡಲು ವೇದಿಕೆ ಹತ್ತಿದ ದೂರದ ನೆಂಟರೆಲ್ಲ ಇರುತ್ತಾರೆ, ಪಾತ್ರೆ ಹೊತ್ತ ಸ್ವಂತ ತಮ್ಮ ಇರುವುದಿಲ್ಲ. ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಾಗ ಲೋಕೇಶ ನೀರಿನ ಟ್ಯಾಂಕರ್ ಕರೆತರಲು ಹೋಗಿದ್ದನಂತೆ. ಅವನು ಸಿಕ್ಕಿದ್ದು ಈ ಕ್ಯಾಸೆಟ್ಟಿನಲ್ಲಿ ಮಾತ್ರ, ಊಟದ ಸಾಲಿನಲ್ಲಿ ಪಾಯಸ ಬಡಿಸುವಾಗ. ವಿಡಿಯೊದವನ ಲೈಟ್ ಮುಖಕ್ಕೆ ಹೊಡೆದಾಗ ತಲೆ ಎತ್ತಿ, ಕಣ್ಣು ಕಿರಿದು ಮಾಡಿ ನಕ್ಕು, ಮುಂದಿನ ಎಲೆಗೆ ಹೋಗುತ್ತಾನೆ. ಅಷ್ಟೇ.

"ಅಲ್ಲಿ ನಡುಗ್ತಾನೆ ಕಣಪ್ಪಾ. ಜ್ವರ ಬಂದವ್ನಂಗೆ ನಡುಗ್ತಾನೆ. ನಿಲ್ಲಿಸ್ಕೊಡು. ಒಂದ್ಸಲ ನೆಟ್ಟಗೆ ನೋಡ್ಬೇಕು," ಎಂದರು ಕೆಂಪಮ್ಮ.

ನಿಲ್ಲಿಸಿಕೊಡುತ್ತೇನೆ ಎಂದೆ. ಅವರನ್ನು ಕಳಿಸಿ ಕ್ಯಾಸೆಟ್ ಹಾಕಿ ನೋಡಿದೆ. ಧಾರೆ ಚೆನ್ನಾಗಿದೆ. ಆರತಿ ಚೆನ್ನಾಗಿದೆ. ಬೂಸ್ಟು ಇಲ್ಲ, ಸುಕ್ಕಿಲ್ಲ. ಊಟದ ಸಾಲೂ ಚೆನ್ನಾಗಿಯೇ ಶುರುವಾಗುತ್ತದೆ. ಪಾಯಸದ ಬಕೆಟ್ ಬರುತ್ತದೆ, ಬಗ್ಗಿದ ತಲೆ, ಹೆಗಲ ಮೇಲಿನ ಟವೆಲ್. ತಲೆ ಎತ್ತಿದನೋ ಇಲ್ಲವೋ, ಚಿತ್ರ ಹರಿದು ಪುಡಿ ಪುಡಿ. ಬಿಳಿ ಚುಕ್ಕೆಗಳ ಮಳೆ. ಅವನು ಮುಂದಿನ ಎಲೆಗೆ ತಿರುಗಿದ ಕೂಡಲೇ ಮತ್ತೆ ಎಲ್ಲ ನೆಟ್ಟಗೆ. ಇಷ್ಟು ಕಾಲ ಟೇಪುಗಳ ಜೊತೆ ಬದುಕಿದ್ದೆ, ಒಬ್ಬ ಮನುಷ್ಯನನ್ನೇ ಹುಡುಕಿಕೊಂಡು ಹೋಗಿ ಹಾಳಾದ ಟೇಪನ್ನು ಕಂಡಿರಲಿಲ್ಲ.

ಮಾರನೆಯ ದಿನ ಸುಧಾ ಒಬ್ಬಳೇ ಬಂದಳು. ಇದನ್ನು ನೀವು ಹೇಗೆ ನೋಡುತ್ತಿದ್ದಿರಿ ಎಂದು ಕೇಳಿದೆ. ಆಗ ಪಕ್ಷದ ವಿಷಯ ಹೊರಬಂತು. ಪಿತೃಪಕ್ಷದಲ್ಲಿ ತೀರಿಕೊಂಡವರ ಫೋಟೊ ಮುಂದೆ ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಲೋಕೇಶನ ಫೋಟೊ ಇಲ್ಲವಲ್ಲ.

"ಟಿ.ವಿ. ಹಾಕಿ, ಅವನು ನಗೋ ಕಡೆ ನಿಲ್ಸಿ, ಅದರ ಮುಂದೆ ಎಡೆ ಇಡ್ತೀವಿ ಅಣ್ಣ. ಸ್ವಲ್ಪ ಹೊತ್ತಿಗೆ ತಾನಾಗೇ ಆಫ್ ಆಗ್ಬಿಡುತ್ತೆ. ಅವನಿನ್ನೂ ಊಟ ಮಾಡಿರಲ್ಲ ಅಂತ ಅಮ್ಮ ಒಳಗೆ ಹೋಗಿ ತಿರುಗಾ ನಿಲ್ಸಿ ಬರುತ್ತೆ."

ಪಕ್ಷದಲ್ಲಿ ಮಾತ್ರವಾ ಎಂದೆ. ಅಲ್ಲ. ಕೋಳಿ ಸಾರು ಮಾಡಿದ ದಿನ, ಕಜ್ಜಾಯ ಮಾಡಿದ ದಿನ, ಅವನು ಹುಟ್ಟಿದ ದಿನ, ಮನಸ್ಸಿಗೆ ಬೇಜಾರಾದ ದಿನ. ಚಿತ್ರ ನಿಲ್ಲಿಸುವ ಆ ಒಂದು ಬಟನ್ ಒತ್ತುವುದನ್ನು ಮಾತ್ರ ಕೆಂಪಮ್ಮ, ಮಗ ಇದ್ದಾಗ ಅವನಿಂದಲೇ ಕಲಿತಿದ್ದರಂತೆ.

ಟೇಪಿಗೆ ಏನಾಗಿದೆ ಎಂದು ನನಗೆ ಆಗ ಗೊತ್ತಾಯಿತು. ಪರದೆಯ ಮೇಲೆ ಚಿತ್ರ ನಿಂತಿದ್ದರೂ ವಿ.ಸಿ.ಆರ್. ಒಳಗೆ ಏನೂ ನಿಂತಿರುವುದಿಲ್ಲ. ಟೇಪ್ ನಿಂತಿರುತ್ತದೆ, ಹೆಡ್ ಮಾತ್ರ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಅದಕ್ಕೇ ಟೇಪ್ ಹಾಳಾಗಬಾರದೆಂದು ಮೆಷಿನ್ ಸ್ವಲ್ಪ ಹೊತ್ತಿಗೆ ತಾನೇ ಬಿಟ್ಟುಬಿಡುವುದು. ಆ ತಾಯಿ ಮತ್ತೆ ಮತ್ತೆ ಹೋಗಿ ಒತ್ತಿದ್ದರು. ಪ್ರತಿ ಸಲವೂ ಒಂದು ಕೂದಲೆಳೆ ಆಚೀಚೆ ನಿಂತಿರುತ್ತದೆ. ಹೀಗೆ ಅವನು ತಲೆ ಎತ್ತಿದಲ್ಲಿಂದ ತಿರುಗುವವರೆಗೂ ಟೇಪಿನ ಮೇಲೆ ಚಿತ್ರ ಹಿಡಿದಿಟ್ಟ ಲೇಪವೇ ಕಿತ್ತುಹೋಗಿತ್ತು. ಸುಧಾಗೆ ಇದನ್ನು ಹೇಳಿದೆ. ಹೇಳಿ ಮುಗಿಸುವ ಮೊದಲೇ ಅವಳು ಸೆರಗು ಬಾಯಿಗೆ ಇಟ್ಟುಕೊಂಡಳು. "ಅಮ್ಮನ ಹತ್ರ ಮಾತ್ರ ಹೇಳ್ಬೇಡಿ ಅಣ್ಣ," ಎಂದಳು.

ಮಾಸ್ಟರ್ ಕ್ಯಾಸೆಟ್ ಸಿಗಬಹುದೆಂದು ಗುಬ್ಬಿಗೆ ಹೋದೆ. ಮದುವೆಯಲ್ಲಿ ಮೊದಲು ತೆಗೆದ ಕ್ಯಾಸೆಟ್ ಮಾಸ್ಟರ್. ಮನೆಯವರಿಗೆ ಕೊಡುವುದು ಅದರ ಕಾಪಿ. ಆ ವಿಡಿಯೊ ಅಂಗಡಿ ಮೊಬೈಲ್ ರೀಚಾರ್ಜ್ ಅಂಗಡಿಯಾಗಿತ್ತು. ಅದೇ ಮನುಷ್ಯ ಕೂತಿದ್ದ. ಮಾಸ್ಟರ್ ಯಾರು ಸಾರ್ ಇಟ್ಟುಕೊಳ್ಳುತ್ತಾರೆ, ಮುಂದಿನ ಮುಹೂರ್ತಕ್ಕೆ ಅದರ ಮೇಲೇ ತೆಗೆಯುತ್ತಿದ್ದೆವು ಎಂದ. ಅವನನ್ನು ಬೈಯುವ ಹಾಗಿರಲಿಲ್ಲ. ನಾವೂ ಅದನ್ನೇ ಮಾಡುತ್ತಿದ್ದೆವು, ಎಲ್ಲರೂ ಅದನ್ನೇ ಮಾಡುತ್ತಿದ್ದರು. ಈ ಜಿಲ್ಲೆಯ ಎಷ್ಟೋ ಮದುವೆಗಳು ಒಂದರ ಮೇಲೊಂದು ಮಲಗಿ ಅಳಿಸಿಹೋಗಿವೆ.

ವಾಪಸ್ ಬಂದು ಇದ್ದ ಮೆಷಿನ್‌ಗಳಲ್ಲೆಲ್ಲ ಹಾಕಿ ನೋಡಿದೆ. ಒಂದೊಂದು ಸಲ ಓಡಿಸಿದಾಗಲೂ ಉಳಿದ ಲೇಪ ಇನ್ನಷ್ಟು ಉದುರುತ್ತಿತ್ತು. ಅವನನ್ನು ಉಳಿಸಲು ಹೋಗಿ ನಾನೂ ಉಜ್ಜುತ್ತಿದ್ದೆ. ರುದ್ರಣ್ಣ ಹಿಂದೆ ಬಂದು ನಿಂತು, ಸಾಕು ನಿಲ್ಲಿಸು ಎಂದರು. ಬೈಯಲಿಲ್ಲ. ಸಿಕ್ಕಿದಷ್ಟನ್ನು ಪೆಟ್ಟಿಗೆಯ ಮೂಲಕ ಹಾಯಿಸಿ ಕಂಪ್ಯೂಟರ್‌ಗೆ ತಂದೆ. ಕುಣಿತ ನಿಂತಿತ್ತು. ಬಕೆಟ್ ಸ್ಪಷ್ಟವಾಗಿತ್ತು, ಟವೆಲ್ಲಿನ ಕೆಂಪು ಅಂಚು ಕೂಡ ಕಾಣುತ್ತಿತ್ತು. ಮುಖ ಇರಬೇಕಾದ ಕಡೆ ಹಣೆಯ ಮೇಲಿನ ಕೂದಲಿನ ಗೆರೆಯನ್ನೇ ಪೆಟ್ಟಿಗೆ ಮತ್ತೆ ಮತ್ತೆ ಹಾಕಿ ಗಲ್ಲದವರೆಗೆ ಇಳಿಸಿತ್ತು. ಪಕ್ಕದವನನ್ನು ಎಳೆದು ನಿಲ್ಲಿಸಿ ಸಾಲು ನೇರ ಮಾಡಿತ್ತು.

ಕೆಂಪಮ್ಮ ಬಂದ ದಿನ ರುದ್ರಣ್ಣ ಅವರಿಗೆ ತಮ್ಮ ಕುರ್ಚಿಯನ್ನೇ ಕೊಟ್ಟರು. ನಾನು ಹಾಕಿದೆ. ಅವರು ಬಗ್ಗಿ ಪರದೆಗೆ ಹತ್ತಿರವಾಗಿ ನೋಡಿದರು. ಇನ್ನೊಂದು ಸಲ ಹಾಕು ಎಂದರು, ಹಾಕಿದೆ.

"ನಡುಗೋದು ನಿಂತೈತೆ. ಮೊಖ ಎಲ್ಲೈತಪ್ಪಾ?"

ಸುಧಾ ನೆಲ ನೋಡುತ್ತಿದ್ದಳು. ಕೆಂಪಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ಮಿಕ್ಕವ್ರೆಲ್ಲ ಚೆಂದಾಗವ್ರೆ. ಮಿಕ್ಕವ್ರನ್ನ ನಾನು ನೋಡ್ಲೇ ಇಲ್ಲ ಬುಡು, ಇವ್ನೊಬ್ನನ್ನೇ ನೋಡ್ತಿದ್ದೆ. ನೋಡಿ ನೋಡಿ ನಾನೇ ಸವೆಸ್ಬುಟ್ನಾ?"

ನಾನು ರುದ್ರಣ್ಣನ ಕಡೆ ನೋಡಿದೆ. ಸತ್ತ ಕ್ಯಾಸೆಟ್ಟನ್ನು ಸತ್ತಿದೆ ಎಂದು ಮುಖಕ್ಕೇ ಹೇಳುವ ಮನುಷ್ಯ, ಈಗ ಏನೆಂದುಬಿಡುತ್ತಾರೋ. ರುದ್ರಣ್ಣ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು.

"ಇಲ್ಲಮ್ಮ. ನೋಡಿದ್ರೆ ಯಾವ್ದೂ ಸವೆಯಲ್ಲ. ಕ್ಯಾಸೆಟ್ಟೇ ಸರಿ ಇರ್ಲಿಲ್ಲ."

ಕೆಂಪಮ್ಮ ನನ್ನ ಕಡೆ ತಿರುಗಿದರು. ನಾನೂ ಹೌದಮ್ಮ, ನೋಡಿದರೆ ಸವೆಯುವುದಿಲ್ಲ ಎಂದೆ. ಅವರು ಕ್ಯಾಸೆಟ್ಟನ್ನು ಟವೆಲ್‌ನಲ್ಲಿ ಸುತ್ತಿಕೊಂಡರು. ಡಿ.ವಿ.ಡಿ.ಯನ್ನು ಸುಧಾ ತೆಗೆದುಕೊಂಡಳು. ಒರಳು ತಿರುವಿ, ಬೀಸುಕಲ್ಲು ಬೀಸಿ, ಕಲ್ಲುಗಳನ್ನೇ ಸವೆಸಿದ ಕೈ ಕೆಂಪಮ್ಮನದು. ಬಳಸಿದ್ದು ಸವೆಯುತ್ತದೆ ಎಂಬುದನ್ನು ಅವರಿಗೆ ನಾವು ಹೇಳಿಕೊಡಬೇಕಾಗಿರಲಿಲ್ಲ. ಅದು ನಮಗೆ ಆಗ ಹೊಳೆಯಲಿಲ್ಲ. ಒಳ್ಳೆಯದು ಮಾಡಿದೆವು ಎಂದುಕೊಂಡೆವು. ಆ ಸಂಜೆ ರುದ್ರಣ್ಣ ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿ, ಇದನ್ನು ಇನ್ನು ಮುಟ್ಟಬೇಡ ಎಂದರು. ಮಾರನೆಯ ದಿನ ಬಟ್ಟೆ ತೆಗೆದರು, ಹೊಟ್ಟೆಪಾಡು ನಡೆಯಬೇಕಲ್ಲ.

ಕೆಲವು ವರ್ಷ ಕಳೆದವು. ರುದ್ರಣ್ಣ ಹೋದರು, ಸ್ಟುಡಿಯೊ ಮುಚ್ಚಿತು, ನಾನು ಮನೆ ಸೇರಿದೆ. ಒಂದು ದಿನ ಸುಧಾ ಹುಡುಕಿಕೊಂಡು ಬಂದಳು. ಅವಳಿಗೆ ಇಬ್ಬರು ಮಕ್ಕಳು. ಕೆಂಪಮ್ಮ ಮೊಮ್ಮಕ್ಕಳ ಫೋಟೊ ನೋಡುವುದಿಲ್ಲವಂತೆ. ಮೊಬೈಲಿನಲ್ಲಿ ಅವರ ಆಟ ತೋರಿಸಿದರೆ ಒಂದು ಸಲ ಕಣ್ಣು ಹಾಯಿಸಿ ಮುಖ ತಿರುಗಿಸುತ್ತಾರಂತೆ. ಸಾಕು ತೆಗಿಯೇ, ಸವೆದೋಯ್ತವೆ ಎನ್ನುತ್ತಾರಂತೆ. ಪಕ್ಷದಲ್ಲಿ ಎಡೆಯನ್ನು ಟಿ.ವಿ. ಮುಂದೆಯೇ ಇಡುತ್ತಾರೆ, ಟಿ.ವಿ. ಹಾಕುವುದಿಲ್ಲ. ಮೊಬೈಲಿನಲ್ಲಿ ಇರುವುದು ಎಷ್ಟು ನೋಡಿದರೂ ಹಾಗೇ ಇರುತ್ತದೆ, ಈ ಕೆಲಸ ಮಾಡಿದವರು ನೀವು, ನಿಮ್ಮ ಮಾತಾದರೆ ಅಮ್ಮ ಕೇಳಬಹುದು, ಬಂದು ಹೇಳಿ ಅಣ್ಣ ಎಂದಳು.

ಅದು ನಿಜವಾದ ಮಾತೇ ಆಗಿತ್ತು. ನನ್ನ ಕಸುಬಿನಲ್ಲಿ ಒಬ್ಬ ತಾಯಿಗೆ ಹೇಳಬಹುದಾದ ನಿಜವಾದ ಸಮಾಧಾನ ಅದೊಂದೇ. ಸುಧಾಳ ಜೊತೆ ನಿಟ್ಟೂರಿಗೆ ಹೋದೆ. ಕೆಂಪಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದು, ಮಗಳ ಕೈಯಲ್ಲಿ ಕಾಫಿ ಕೊಡಿಸಿದರು. ನಾನು ಸುಧಾಳ ಮೊಬೈಲ್ ಇಸಕೊಂಡು, ಮೊಮ್ಮಕ್ಕಳನ್ನು ತೋರಿಸಿ, ಎಷ್ಟು ಹೊತ್ತು ಬೇಕಾದರೂ ನೋಡಿ ಅಮ್ಮ, ನೋಡಿದರೆ ಇದು ಸವೆಯುವುದಿಲ್ಲ ಎಂದೆ.

ಅವರು ಕಾಯಿ ಸುಲಿಯುತ್ತಲೇ, ಕಣ್ಣು ಎತ್ತದೆ, ಬೇಸರವೂ ಇಲ್ಲದ ದನಿಯಲ್ಲಿ ಹೇಳಿದರು.

"ಅವತ್ತೂ ಹಿಂಗೇ ಅಂದಿದ್ರಲ್ಲಪ್ಪಾ."